ಗೇಮ್‌ನ ಸಂಗಾತಿಗಳು ನಿಜಕ್ಕೂ ಇಷ್ಟವಾಗುವಂಥವರೇ?

ಪ್ರಶ್ನೆ: ಫ್ಯಾಂಟಸಿ ರೋಲ್-ಪ್ಲೇಯಿಂಗ್ ಗೇಮ್‌ಗಳಲ್ಲಿ ನಮ್ಮ ಜೊತೆಗೆ ಬರುವ ಕಂಪ್ಯಾನಿಯನ್ ಪಾತ್ರಗಳಲ್ಲಿ ಅರ್ಧಕ್ಕರ್ಧ ಸಿಡುಕರು, ಸುಳ್ಳರು ಇಲ್ಲವೇ ಜಂಬದವರು. ಆದರೂ ಆಡಿದವರೆಲ್ಲ ಅವರನ್ನೇ ಹೊಗಳುತ್ತಾರೆ. ಇವರು ಇಷ್ಟವಾಗುವಂಥವರೇ, ಅಥವಾ ಅದು ಬರೀ ಅಭ್ಯಾಸಬಲವೇ?

ಉತ್ತರ: ಬಹುಪಾಲು ಪಾತ್ರಗಳು ಇಷ್ಟವಾಗುತ್ತವೆ, ಆದರೆ ಅದಕ್ಕೂ ಅವರ ಸೌಜನ್ಯಕ್ಕೂ ಹೆಚ್ಚಿನ ಸಂಬಂಧವಿಲ್ಲ. ಈ ಬಗೆಯ ಗೇಮ್‌ನಲ್ಲಿ ಇಡೀ ಜಗತ್ತೇ ಆಟಗಾರನ ಅಪ್ಪಣೆಗಾಗಿ ಕಾದು ನಿಂತಿರುತ್ತದೆ. ಹಾಗಿರುವಾಗ ಅವನ ಮಾತಿಗೆ ಎದುರಾಡಬಲ್ಲ, ಬೇಕಾದರೆ ಅವನನ್ನು ಬಿಟ್ಟು ಹೋಗಬಲ್ಲ ಪಾತ್ರವೊಂದೇ ವ್ಯಕ್ತಿಯಂತೆ ಕಾಣುತ್ತದೆ. ಮೊದಲು ವ್ಯಕ್ತಿ ಎನಿಸಬೇಕು, ಮೆಚ್ಚುವ ಮಾತು ಆಮೇಲಿನದು.

2011ರ ಸ್ಕೈರಿಮ್‌ನ ಸಂಗಾತಿ ಲಿಡಿಯಾಳನ್ನೇ ನೋಡಬಹುದು. ಅವಳಿಗೆ ಹೇಳಿಕೊಳ್ಳುವಂಥ ಕಥೆಯಿಲ್ಲ, ಸ್ವಂತ ಕ್ವೆಸ್ಟ್ (ಆಟಗಾರ ಪೂರೈಸಬೇಕಾದ ಕಾರ್ಯ) ಇಲ್ಲ, ಮಾತುಗಳೂ ಬೆರಳೆಣಿಕೆಯಷ್ಟೇ. ಆದರೆ ಸಾಮಾನು ಹೊರಿಸಲು ಹೋದಾಗ, ನಿಮ್ಮ ಭಾರ ಹೊರುವುದಾಗಿ ಪ್ರತಿಜ್ಞೆ ಮಾಡಿದ್ದೇನೆ ಎನ್ನುವ ಅವಳ ದನಿಯಲ್ಲಿ ಸಣ್ಣದೊಂದು ಬೇಸರ ಸುಳಿಯುತ್ತದೆ. ಅಷ್ಟು ಸಾಕಾಯಿತು, ಆಟಗಾರರು ಆ ಒಂದು ವಾಕ್ಯವನ್ನು ಹಿಡಿದುಕೊಂಡು ಅವಳಿಗೊಂದು ಸ್ವಭಾವವನ್ನೇ ಕಟ್ಟಿಕೊಟ್ಟರು.

ಈ ತಂತ್ರ ಹೊಸದೇನಲ್ಲ. 1998ರ ಬಾಲ್ಡರ್ಸ್ ಗೇಟ್‌ನಲ್ಲಿಯೇ ನಾಯಕನ ಒಳ್ಳೆಯ ಹೆಸರು ಬೆಳೆಯುತ್ತಾ ಹೋದರೆ ತಂಡದಲ್ಲಿರುವ ದುಷ್ಟರು ಗೊಣಗಿ, ಕೊನೆಗೆ ಹೊರಟೇ ಹೋಗುತ್ತಿದ್ದರು. ಹೆಸರು ಕೆಟ್ಟರೆ ಸಜ್ಜನರು ಹೊರಡುತ್ತಿದ್ದರು. 2000ದಲ್ಲಿ ಬಂದ ಅದರ ಎರಡನೆಯ ಭಾಗದಲ್ಲಿ ಧರ್ಮಯೋಧ ಕೆಲ್ಡಾರ್ನ್‌ನನ್ನೂ ದುಷ್ಟರೆಂದು ಹೆಸರಾದ ಡ್ರೋ ಕುಲದ ವಿಕೋನಿಯಾಳನ್ನೂ ಒಂದೇ ತಂಡದಲ್ಲಿ ಇಟ್ಟುಕೊಂಡರೆ ಮಾತಿಗೆ ಮಾತು ಬೆಳೆದು ಕತ್ತಿ ಹಿರಿಯುವವರೆಗೂ ಹೋಗಬಹುದು. ಯುದ್ಧಕ್ಕೆ ಇಬ್ಬರೂ ಬೇಕಾದವರೇ, ಆದರೆ ಒಬ್ಬರನ್ನು ಆರಿಸಿಕೊಳ್ಳಬೇಕಾಗುತ್ತದೆ. ಆ ಇಕ್ಕಟ್ಟಿನಲ್ಲಿ ಆರಿಸಿಕೊಂಡವರ ಮೇಲೆ ಮಮತೆ ಹುಟ್ಟುವುದು ಸಹಜ.

2009ರ ಡ್ರ್ಯಾಗನ್ ಏಜ್: ಆರಿಜಿನ್ಸ್ ಇದನ್ನು ಇನ್ನಷ್ಟು ನಿಷ್ಠುರವಾಗಿ ಬಳಸಿಕೊಂಡಿತು. ಅಲಿಸ್ಟರ್ ಆ ಗೇಮ್‌ನ ಅತ್ಯಂತ ಸರಸ ಮಾತುಗಾರ, ಮೊದಲ ಭೇಟಿಯಲ್ಲೇ ಒಲಿಯುವಂಥವನು. ಅವನ ಗುರು ಡಂಕನ್ ಸತ್ತದ್ದು ಸೇನಾಪತಿ ಲೋಘೇನ್ ರಣರಂಗದಿಂದ ಸೈನ್ಯವನ್ನು ಹಿಂದೆ ಕರೆಸಿಕೊಂಡಿದ್ದರಿಂದ. ಕಥೆಯ ಕೊನೆಯ ಘಟ್ಟದಲ್ಲಿ ಅದೇ ಲೋಘೇನ್‌ನಿಗೆ ಜೀವದಾನ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳುವ ಅವಕಾಶವನ್ನು ಗೇಮ್ ಕೊಡುತ್ತದೆ. ರಾಜಕೀಯವಾಗಿ ನೋಡಿದರೆ ಅದು ಜಾಣ ನಿರ್ಧಾರವೇ ಇರಬಹುದು. ಆದರೆ ಹಾಗೆ ಮಾಡಿದರೆ, ಅಷ್ಟು ಹೊತ್ತು ನಗಿಸುತ್ತಾ ಬಂದ ಅಲಿಸ್ಟರ್ ತಂಡದಲ್ಲಿ ಉಳಿಯುವುದಿಲ್ಲ. ಎಷ್ಟೇ ಅಪ್ರೂವಲ್, ಅಂದರೆ ಸಂಗಾತಿಯ ಮೆಚ್ಚುಗೆಯ ಅಂಕ, ಕೂಡಿಸಿಟ್ಟಿದ್ದರೂ ಅದು ನೆರವಿಗೆ ಬಾರದು.

ಈ ಅಪ್ರೂವಲ್ ಎಂಬ ಅಂಕದ ಬಗ್ಗೆ ನನಗೆ ತಕರಾರಿದೆ. ಅದೇ ಗೇಮ್‌ನಲ್ಲಿ ಪ್ರತಿ ಸಂಗಾತಿಯ ಒಲವು ಮೈನಸ್ 100ರಿಂದ 100ರವರೆಗಿನ ಅಳತೆಪಟ್ಟಿಯ ಮೇಲೆ ಕಾಣುತ್ತದೆ, ಮತ್ತು ಉಡುಗೊರೆ ಕೊಟ್ಟರೆ ಅದು ಏರುತ್ತದೆ. ಅಸಹಾಯಕರಿಗೆ ನೆರವಾದಾಗಲೆಲ್ಲ ಮೂದಲಿಸುವ ಮಾಂತ್ರಿಕಳಾದ ಮಾರಿಗನ್‌ಗೆ ಒಡವೆಗಳನ್ನು ಕೊಡುತ್ತಾ ಹೋದರೆ ಸಾಕು, ಮುನಿಸು ಕರಗುತ್ತದೆ. ಇದು ಸ್ನೇಹವೆನ್ನುವುದಕ್ಕಿಂತ ವ್ಯಾಪಾರವೆಂದರೇ ಸರಿ. ಆದರೆ ಆ ಉಡುಗೊರೆಗಳಲ್ಲೇ ಒಂದು ಚಿನ್ನದ ಕನ್ನಡಿಯಿದೆ. ಬಾಲ್ಯದಲ್ಲಿ ಅವಳು ಒಬ್ಬ ಸಿರಿವಂತೆಯ ಬಂಡಿಯಿಂದ ಕದ್ದು ತಂದ ಅಂಥದ್ದೇ ಕನ್ನಡಿಯನ್ನು ತಾಯಿ ಫ್ಲೆಮೆತ್ ನೆಲಕ್ಕೆ ಅಪ್ಪಳಿಸಿ ಒಡೆದಿದ್ದಳು. ಆ ಕಥೆಯನ್ನು ಕೇಳಿಸಿಕೊಂಡು, ನೆನಪಿಟ್ಟು, ಕನ್ನಡಿಯನ್ನು ತಂದುಕೊಟ್ಟಾಗ ಮಾರಿಗನ್ ತಬ್ಬಿಬ್ಬಾಗುತ್ತಾಳೆ. ಪ್ರತಿಯಾಗಿ ಏನನ್ನೋ ಬಯಸಿಯೇ ಕೊಟ್ಟಿರಬೇಕೆಂದು ಶಂಕಿಸುತ್ತಾಳೆ. ಏರಿದ ಅಂಕಕ್ಕಿಂತ ಆ ಶಂಕೆಯೇ ಅವಳನ್ನು ಹತ್ತಿರ ತರುತ್ತದೆ.

ಹಾಗೆಂದು ಓದುಗರ ದೂರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಒರಟುತನ ಮೊದಲೇ ಬಂದು, ಅದರ ಕಾರಣ ಹತ್ತಾರು ಗಂಟೆ ತಡವಾಗಿ ಬಂದರೆ, ಅಷ್ಟರಲ್ಲಿ ಆಟಗಾರ ಆ ಪಾತ್ರವನ್ನು ಕ್ಯಾಂಪ್‌ನಲ್ಲಿ ಕೂರಿಸಿ ಮರೆತಿರುತ್ತಾನೆ. ಬಾಲ್ಡರ್ಸ್ ಗೇಟ್ 3 ಆರಂಭಿಕ ಆವೃತ್ತಿಯಾಗಿ 2020ರ ಅಕ್ಟೋಬರ್‌ನಲ್ಲಿ ಹೊರಬಂದಾಗ ಸಂಗಾತಿಗಳೆಲ್ಲ ವಿನಾಕಾರಣ ಮುಖ ಸಿಂಡರಿಸುತ್ತಾರೆ ಎಂಬ ಟೀಕೆ ಕೇಳಿಬಂದಿತ್ತು. 2023ರ ಆಗಸ್ಟ್‌ನ ಪೂರ್ಣ ಆವೃತ್ತಿಯಲ್ಲಿ ಅವರಲ್ಲೊಬ್ಬಳಾದ ಶಾಡೋಹಾರ್ಟ್‌ಳ ನಾಲಿಗೆಯ ಮೊನಚು ಸಾಕಷ್ಟು ಕಡಿಮೆಯಾಗಿತ್ತು. ಅದೇ ಪೂರ್ಣ ಆವೃತ್ತಿಯಲ್ಲಿ ಸಂಗಾತಿಯಾಗಿ ಸೇರಿದ ಕಾರ್ಲಾಕ್ ಮಾತ್ರ ಸಿಡುಕಿನ ಸೋಂಕೇ ಇಲ್ಲದವಳು. ಎದೆಯಲ್ಲಿ ಹೃದಯದ ಬದಲು ನರಕದ ಯಂತ್ರವೊಂದು ಉರಿಯುತ್ತಿರುವುದರಿಂದ ಅವಳು ಯಾರನ್ನೂ ಮುಟ್ಟುವಂತಿಲ್ಲ, ಆದರೂ ಎಲ್ಲದಕ್ಕೂ ಹಿಗ್ಗುತ್ತಾಳೆ. ಒಳ್ಳೆಯತನವೂ ರುಚಿಸುತ್ತದೆ, ಅದರ ಹಿಂದೊಂದು ನಷ್ಟ ಇದ್ದರೆ.

ಅದೇ ಗೇಮ್‌ನ ಇನ್ನೊಬ್ಬ ಸಂಗಾತಿ ಲೇಜೆಲ್ ಇದಕ್ಕೆ ತದ್ವಿರುದ್ಧ. ಪಂಜರದಲ್ಲಿ ಸಿಕ್ಕಿಬಿದ್ದಿದ್ದಾಗಲೂ ಬಿಡಿಸಲು ಬಂದವರಿಗೇ ಆಜ್ಞೆ ಮಾಡುವವಳು. ಬೇಡವೆನಿಸಿದರೆ ಅವಳನ್ನು ಅಲ್ಲಿಯೇ ಬಿಟ್ಟು ನಡೆಯಬಹುದು, ಗೇಮ್ ತಡೆಯುವುದಿಲ್ಲ. ಆದರೆ ಅವಳ ಸಿಟ್ಟಿನ ಬೇರು ತಿಳಿಯುವುದು ಅವಳದೇ ಜನರಾದ ಗಿಥ್‌ಯಾಂಕಿಗಳ ನೆಲೆಗೆ ಹೋದಾಗ. ಕಥೆಯ ಆರಂಭದಲ್ಲೇ ಆಟಗಾರನ ಮತ್ತು ಸಂಗಾತಿಗಳ ತಲೆಯೊಳಗೆ ಹೊಕ್ಕ ಹುಳುವಿಗೆ ಅಲ್ಲಿ ಮದ್ದಿದೆ ಎಂದು ಅವಳು ಮೊದಲಿನಿಂದಲೂ ಪಟ್ಟು ಹಿಡಿದಿರುತ್ತಾಳೆ. ಶುದ್ಧೀಕರಣದ ಯಂತ್ರಕ್ಕೆ ಹೆಮ್ಮೆಯಿಂದಲೇ ಒಡ್ಡಿಕೊಳ್ಳುತ್ತಾಳೆ. ಆ ಯಂತ್ರ ಇರುವುದು ಹುಳು ಹೊಕ್ಕವರನ್ನು ಕೊಲ್ಲುವುದಕ್ಕೆ. ತನ್ನವರು ಹೇಳಿದ್ದು ಸುಳ್ಳೆಂದು ಕಣ್ಣಾರೆ ಕಂಡ ಮೇಲೂ ನಂಬಿಕೆ ಬಿಡಲಾರದೆ ಅವಳು ಒದ್ದಾಡುವಾಗ, ಅಲ್ಲಿಯವರೆಗಿನ ಅವಳ ಒಂದೊಂದು ಗದರಿಕೆಗೂ ಅರ್ಥ ಬರುತ್ತದೆ.