ಲಿಫ್ಟ್ ಹುಡುಗನ ಕವನ ಸಂಕಲನ

1892ರ ಕೊನೆ. ಅಮೆರಿಕದ ಡೇಟನ್ ಊರಿನ ಒಂದು ಕಟ್ಟಡದಲ್ಲಿ ಲಿಫ್ಟ್ ಹತ್ತಿದವರಿಗೆ ಲಿಫ್ಟ್ ಹುಡುಗ ಪುಸ್ತಕವೊಂದನ್ನು ತೋರಿಸುತ್ತಿದ್ದ. ಬೆಲೆ ಒಂದು ಡಾಲರ್. ಒಳಗಿದ್ದ ಕವನಗಳೆಲ್ಲ ಅವನವೇ. ಹೆಸರು ಪಾಲ್ ಲಾರೆನ್ಸ್ ಡನ್‌ಬಾರ್, ವಯಸ್ಸು 20. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿದ್ದವರು.

ಹುಡುಗ ದಡ್ಡನೇನಲ್ಲ. ಹೈಸ್ಕೂಲಿನಲ್ಲಿ ಶಾಲಾ ಪತ್ರಿಕೆಯ ಸಂಪಾದಕನಾಗಿದ್ದವನು. ತನ್ನದೇ ಒಂದು ಪತ್ರಿಕೆಯನ್ನೂ ಶುರುಮಾಡಿದ್ದ. ಅದನ್ನು ಅಚ್ಚುಹಾಕಿದ್ದು ಸಹಪಾಠಿ ಆರ್ವಿಲ್ ರೈಟ್‌ನ ಪ್ರೆಸ್ಸಿನಲ್ಲಿ. ಹೌದು, ಮುಂದೆ ವಿಮಾನ ಹಾರಿಸಿದ ಅದೇ ರೈಟ್. ಆದರೆ ಓದು ಮುಗಿಸಿ ಕೆಲಸ ಕೇಳಿಕೊಂಡು ಹೋದರೆ ಆಫೀಸುಗಳು ಮೈಬಣ್ಣ ನೋಡಿ ವಾಪಸ್ ಕಳಿಸಿದವು. ಸಿಕ್ಕಿದ್ದು ವಾರಕ್ಕೆ 4 ಡಾಲರ್‌ನ ಲಿಫ್ಟ್ ಕೆಲಸ. ಪುಸ್ತಕ ಅಚ್ಚಿಗೆ ಆಗಿದ್ದ 125 ಡಾಲರ್ ಸಾಲವನ್ನು ಹೀಗೆ ಲಿಫ್ಟಿನಲ್ಲಿ ಮಾರಿಯೇ ಆತ ತೀರಿಸಿದ. ಆಮೇಲೆ ಕಥೆ, ಕಾದಂಬರಿ ಬರೆದ. ನ್ಯೂಯಾರ್ಕ್‌ನ ರಂಗಭೂಮಿ ಬ್ರಾಡ್‌ವೇಯ ಸಂಗೀತ ನಾಟಕಕ್ಕೆ ಹಾಡುಗಳನ್ನೂ ಬರೆದ. 33ಕ್ಕೇ ಕ್ಷಯದಿಂದ ತೀರಿಕೊಂಡ.

ಕಪ್ಪು ಬರಹಗಾರರನ್ನು ಕೊಂಡಾಡುವಾಗ 'ಬಹುಮುಖ ಪ್ರತಿಭೆ' ಎಂಬ ಮಾತು ಬಂದೇ ಬರುತ್ತದೆ. ಸುಳ್ಳೇನಲ್ಲ. ಆದರೆ ಅಷ್ಟೊಂದು ಮುಖಗಳು ಯಾಕೆ ಬೇಕಾದವು ಅಂತ ಕೇಳುವುದು ಕಡಿಮೆ. ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದನ್ನು ತಟ್ಟಲೇಬೇಕಲ್ವಾ?

ಇದು ಡನ್‌ಬಾರ್‌ಗಿಂತ ತುಂಬಾ ಹಳೆಯ ಕಥೆ. 1761ರಲ್ಲಿ ಆಫ್ರಿಕಾದಿಂದ ಏಳೆಂಟು ವರ್ಷದ ಹುಡುಗಿಯೊಬ್ಬಳನ್ನು ಹಡಗಿನಲ್ಲಿ ತಂದು ಬಾಸ್ಟನ್‌ನಲ್ಲಿ ಮಾರಿದರು. ಕೊಂಡವರು ಹಡಗಿನ ಹೆಸರನ್ನೇ ಅವಳಿಗಿಟ್ಟು, ತಮ್ಮ ಮನೆತನದ ಹೆಸರನ್ನು ಸೇರಿಸಿದರು. ಹಾಗೆ ಅವಳು ಫಿಲಿಸ್ ವೀಟ್ಲಿ ಆದಳು. ಇಂಗ್ಲಿಷ್ ಕಲಿತು ಕವನ ಬರೆದಳು. ಗುಲಾಮ ಹುಡುಗಿ ಬರೆದದ್ದು ಎಂದರೆ ಜನ ನಂಬಬೇಕಲ್ಲ? ಗವರ್ನರ್ ಸೇರಿ ಬಾಸ್ಟನ್‌ನ 18 ಗಣ್ಯರು 'ಇವು ಇವಳವೇ' ಎಂದು ಸಹಿ ಹಾಕಿದರು. ಆದರೂ ಪುಸ್ತಕ 1773ರಲ್ಲಿ ಅಚ್ಚಾಗಿದ್ದು ಲಂಡನ್‌ನಲ್ಲಿ. ಎರಡನೇ ಸಂಕಲನಕ್ಕೆ ಪ್ರಕಾಶಕರೇ ಸಿಗಲಿಲ್ಲ. ಬಿಡುಗಡೆ ಸಿಕ್ಕಮೇಲೂ ಬಡತನದಲ್ಲೇ ಬದುಕಿ 1784ರಲ್ಲಿ ತೀರಿಕೊಂಡಳು.

ಸಹಿಗಾಗಿ ಕಾಯುವುದಕ್ಕಿಂತ ಪತ್ರಿಕೆಯನ್ನೇ ಕಟ್ಟುವುದು ವಾಸಿ ಅಂತ ಫ್ರೆಡರಿಕ್ ಡಗ್ಲಸ್‌ಗೆ ಅನ್ನಿಸಿರಬೇಕು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಆತ್ಮಕಥೆ ಬರೆದು, 1847ರಲ್ಲಿ 'ನಾರ್ತ್ ಸ್ಟಾರ್' ಪತ್ರಿಕೆ ಶುರುಮಾಡಿದ. ಗಣಿಯಲ್ಲಿ ಕಲ್ಲಿದ್ದಲು ಅಗೆದು ಹಾರ್ವರ್ಡ್‌ವರೆಗೆ ಓದಿದ ಕಾರ್ಟರ್ ವುಡ್ಸನ್, 1926ರಲ್ಲಿ ಕಪ್ಪು ಜನರ ಚರಿತ್ರೆಗೆ ಒಂದು ವಾರ ಮೀಸಲಿಟ್ಟರು. ಫೆಬ್ರವರಿಯನ್ನೇ ಆರಿಸಿಕೊಳ್ಳಲು ಲಿಂಕನ್ ಜೊತೆ ಡಗ್ಲಸ್ ಹುಟ್ಟುಹಬ್ಬವೂ ಕಾರಣ. ಈಗ ಅದು ಇಡೀ ತಿಂಗಳ ಆಚರಣೆ.

ಇವರೆಲ್ಲರಲ್ಲಿ ನನ್ನನ್ನು ಜಾಸ್ತಿ ಕಾಡುವವರು ಜೋರಾ ನೀಲ್ ಹರ್ಸ್ಟನ್. ಮನೆಕೆಲಸ ಮಾಡಿದರು, ಉಗುರಿಗೆ ಬಣ್ಣ ಹಚ್ಚುವ ಕೆಲಸ ಮಾಡಿದರು, ಜೊತೆಗೇ ಕಾಲೇಜು ಓದಿದರು. ಮಾನವಶಾಸ್ತ್ರ ಕಲಿತು, ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಸುತ್ತಿ ಜನರ ಕಥೆ, ಹಾಡು ಕಲೆಹಾಕಿದರು. ಕಾದಂಬರಿ ಬರೆದರು. ಗುಲಾಮರ ಹಡಗಿನಲ್ಲಿ ಬಂದಿದ್ದ ಕಜೋ ಲೂಯಿಸ್ ಎಂಬ ಮುದುಕನ ಬದುಕನ್ನು ಅವನ ಆಡುಮಾತಿನಲ್ಲೇ ಬರೆದಿಟ್ಟರು. ಆ ಭಾಷೆ ಬದಲಿಸಿ ಅಂದರು ಪ್ರಕಾಶಕರು. ಇವರು ಒಪ್ಪಲಿಲ್ಲ. ಆ ಪುಸ್ತಕ ಹೊರಬಂದಿದ್ದು 2018ರಲ್ಲಿ!

1950ರಲ್ಲಿ ಮಯಾಮಿಯ ಮನೆಯೊಂದರಲ್ಲಿ ಹರ್ಸ್ಟನ್ ಮತ್ತೆ ಕೆಲಸದಾಕೆ. ಮನೆಯೊಡತಿ ಪತ್ರಿಕೆಯಲ್ಲಿ ಒಂದು ಕಥೆ ಓದುತ್ತಾಳೆ. ಕೆಳಗಿರುವ ಹೆಸರು ತನ್ನ ಮನೆಯ ಕೆಲಸದಾಕೆಯದ್ದೇ! 1960ರಲ್ಲಿ ಹರ್ಸ್ಟನ್ ತೀರಿಕೊಂಡಾಗ ಮಣ್ಣುಮಾಡಲು ಪರಿಚಯದವರು ಚಂದಾ ಎತ್ತಬೇಕಾಯಿತು. ಸಮಾಧಿಗೆ ಕಲ್ಲೂ ಇರಲಿಲ್ಲ. ಅವರ ಕಾಗದಪತ್ರಗಳಿಗೆ ಯಾರೋ ಬೆಂಕಿ ಹಚ್ಚಿದ್ದರು. ಆ ದಾರಿಯಲ್ಲಿ ಬಂದ ಪರಿಚಿತ ಪೊಲೀಸೊಬ್ಬರು ನೀರು ಹಾಕಿ ಉಳಿಸಿದರು.

ಪ್ರಕಾಶಕರ ಬಾಗಿಲ ಒಳಗೂ ಒಬ್ಬರು ಬೇಕಿತ್ತು. ಟೋನಿ ಮಾರಿಸನ್ ಅಂಥವರು. 1983ರವರೆಗೆ ಪ್ರಕಾಶನ ಸಂಸ್ಥೆ ರ‍್ಯಾಂಡಮ್ ಹೌಸ್‌ನಲ್ಲಿ ಸಂಪಾದಕಿಯಾಗಿ ಹೋರಾಟಗಾರ್ತಿ ಏಂಜೆಲಾ ಡೇವಿಸ್, ಬಾಕ್ಸರ್ ಮೊಹಮ್ಮದ್ ಅಲಿ ಅವರ ಆತ್ಮಕಥೆಗಳನ್ನು ಹೊರತಂದರು. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕುತ್ತಾ, ಬೆಳಕು ಹರಿಯುವ ಮುಂಚೆ ಎದ್ದು ತಮ್ಮ ಕಾದಂಬರಿ ಬರೆಯುತ್ತಿದ್ದರು. ಆಫೀಸಿನ ಕೆಲಸಕ್ಕೆಂದು ಹಳೆಯ ಪತ್ರಿಕೆ ತುಣುಕುಗಳನ್ನು ಸೇರಿಸುವಾಗ ಸಿಕ್ಕ 1856ರ ಒಂದು ಸುದ್ದಿಯೇ ಮುಂದೆ 'ಬಿಲವೆಡ್' ಕಾದಂಬರಿ ಆಯಿತು. ಮಗಳು ಮತ್ತೆ ಗುಲಾಮಳಾಗಬಾರದೆಂದು ತಾಯಿಯೇ ಅವಳನ್ನು ಕೊಂದ ಸುದ್ದಿ ಅದು. 1993ರಲ್ಲಿ ಮಾರಿಸನ್‌ಗೆ ನೊಬೆಲ್ ಬಂತು.

ಮಾರಿಸನ್ ಸಂಪಾದಕಿಯಾಗಿದ್ದ ಕಾಲದಲ್ಲೇ, 1973ರಲ್ಲಿ, ಲೇಖಕಿ ಆಲಿಸ್ ವಾಕರ್ ಹರ್ಸ್ಟನ್ ಸಮಾಧಿ ಹುಡುಕಿಕೊಂಡು ಫ್ಲಾರಿಡಾಕ್ಕೆ ಹೋದರು. 'ನಾನು ಅವರ ಸೋದರ ಸೊಸೆ' ಅಂತ ಸುಮ್ನೆ ಹೇಳಿಕೊಂಡು ವಿಚಾರಿಸಿದರು. ಎತ್ತರಕ್ಕೆ ಬೆಳೆದಿದ್ದ ಕಳೆಯಲ್ಲಿ ಹಾವಿಗೆ ಹೆದರುತ್ತಲೇ ನಡೆದು, ಇಲ್ಲೇ ಇರಬೇಕು ಅನ್ನಿಸಿದ ಕಡೆ ಕಲ್ಲು ಹಾಕಿಸಿದರು. ಹೆಸರಿನ ಜೊತೆ ಮೂರು ಕೆಲಸ ಕೆತ್ತಿಸಿದರು: ಕಾದಂಬರಿಕಾರ್ತಿ, ಜಾನಪದ ಸಂಗ್ರಾಹಕಿ, ಮಾನವಶಾಸ್ತ್ರಜ್ಞೆ.

ಹುಟ್ಟಿದ ವರ್ಷ 1901 ಎಂದಿದೆ. ನಿಜಕ್ಕೂ ಅದು 1891. ತಪ್ಪು ವಾಕರ್ ಅವರದಲ್ಲ. 26ನೇ ವಯಸ್ಸಿನಲ್ಲಿ ಬಿಟ್ಟಿ ಹೈಸ್ಕೂಲಿಗೆ ಸೇರಬೇಕು ಅಂತ ಹರ್ಸ್ಟನ್ ತಾವೇ ಹತ್ತು ವರ್ಷ ಇಳಿಸಿಕೊಂಡಿದ್ದರು.