ಓಡಿಹೋಗಲು ಜಾಗವಿಲ್ಲದ ಜಗಳ

ದಾವಣಗೆರೆಯ ಪರಿಚಿತರೊಬ್ಬರು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಫೋನ್ ಮಾಡಿ, ತಮ್ಮ ಮನೆಯ ಎರಡು ಚಿಂಚಿಲ್ಲಾಗಳು ರಾತ್ರಿಯೆಲ್ಲ ಕಚ್ಚಾಡಿಕೊಂಡಿವೆ, ಪಂಜರದ ತಳದಲ್ಲಿ ಬೂದು ಬಣ್ಣದ ತುಪ್ಪಳ ಗುಪ್ಪೆಗುಪ್ಪೆಯಾಗಿ ಬಿದ್ದಿದೆ ಎಂದರು. ಎರಡೂ ಹೆಣ್ಣು, ಒಂದೂವರೆ ವರ್ಷದಿಂದ ಒಂದನ್ನೊಂದು ಒತ್ತಿಕೊಂಡು ಮಲಗುತ್ತಿದ್ದವು. ರಾತ್ರಿ ಮೂರು ತಾಸು ಕರೆಂಟ್ ಇರಲಿಲ್ಲ, ಎ.ಸಿ. ನಿಂತುಹೋಗಿತ್ತು ಎಂಬುದನ್ನು ಅವರು ಮಾತಿನ ಕೊನೆಯಲ್ಲಿ, ಜಗಳಕ್ಕೆ ಸಂಬಂಧವೇ ಇಲ್ಲದ ಸಂಗತಿಯೆಂಬಂತೆ ಹೇಳಿದರು.

ಚಿಂಚಿಲ್ಲಾ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಸೀಮೆಯ ದಂಶಕ, ಇಲಿ ಅಳಿಲುಗಳ ಬಳಗದ್ದು. ಅರ್ಧ ಕಿಲೋ ಆಸುಪಾಸು ತೂಗುವ ಈ ಪ್ರಾಣಿಯ ಒಂದೊಂದು ರೋಮಕೂಪದಿಂದ 50ಕ್ಕೂ ಹೆಚ್ಚು ಕೂದಲು ಹೊರಡುತ್ತವೆ. ಆ ತುಪ್ಪಳದ ಆಸೆಗೆ ಮನುಷ್ಯರು ಅದರ ಕುಲವನ್ನೇ ಅಳಿವಿನಂಚಿಗೆ ತಳ್ಳಿದರು. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಗಣಿ ಎಂಜಿನಿಯರ್ ಚಿಲಿಯಿಂದ 11 ಚಿಂಚಿಲ್ಲಾಗಳನ್ನು ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದ. ಇಂದು ಮನೆಗಳಲ್ಲಿರುವ ಚಿಂಚಿಲ್ಲಾಗಳಲ್ಲಿ ಹೆಚ್ಚಿನವು ಅವುಗಳ ಸಂತತಿಯೇ. ಕಾಡಿನಲ್ಲಿ ಅವು ಬಂಡೆಗಳ ಸಂದಿಯಲ್ಲಿ, ಹತ್ತಾರು, ಕೆಲವೊಮ್ಮೆ ನೂರರಷ್ಟು ಒಟ್ಟಿಗೆ ಬದುಕುತ್ತವೆ. ಚಿತ್ರದುರ್ಗದ ಕೋಟೆಯ ಬಂಡೆರಾಶಿಯನ್ನು ಹತ್ತಿದವರಿಗೆ ಅಂಥ ನೆಲೆಯ ಚಿತ್ರ ತಾನಾಗಿ ಮನಸ್ಸಿಗೆ ಬರುತ್ತದೆ: ಎಲ್ಲಿ ನೋಡಿದರೂ ಒಂದು ಬಿರುಕು, ಅದರಾಚೆ ಇನ್ನೊಂದು. ಅಲ್ಲಿ ಎರಡು ಪ್ರಾಣಿಗಳಿಗೆ ಹೊಂದಿಕೆಯಾಗದಿದ್ದರೆ ಸೋತದ್ದು ಪಕ್ಕದ ಸಂದಿಗೆ ನುಸುಳಿದರಾಯಿತು, ಜಗಳ ಅಲ್ಲಿಗೆ ಮುಗಿಯುತ್ತದೆ. ಪಂಜರದಲ್ಲಿ ಆ ಪಕ್ಕದ ಸಂದಿ ಇರುವುದಿಲ್ಲ. ಸೋತದ್ದು ಗೆದ್ದದ್ದರ ಕಣ್ಣೆದುರೇ ಇರಬೇಕಾಗುತ್ತದೆ, ಗೆದ್ದದ್ದು ಅದನ್ನು ಇನ್ನೂ ಸೋಲದ ಎದುರಾಳಿಯೆಂದೇ ಎಣಿಸುತ್ತದೆ. ಆದ್ದರಿಂದ, ಯಾವುದು ಪುಂಡ, ಯಾವುದು ಸಾಧು ಎಂದು ಮಾಲೀಕರು ತೀರ್ಪು ಕೊಡುತ್ತ ಕೂರುವುದರಲ್ಲಿ ಅರ್ಥವಿದೆಯೆಂದು ನನಗೆ ಅನ್ನಿಸುವುದಿಲ್ಲ.

ದಾವಣಗೆರೆಯ ಆ ಮನೆಯಲ್ಲಿ ನಡೆದದ್ದು ಬಹುಶಃ ಹೀಗೆ. ಚಿಂಚಿಲ್ಲಾ ಬೆವರುವುದಿಲ್ಲ, 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಶಾಖಾಘಾತದ ಅಪಾಯವಿದೆ. ಬೆವರದ ಮೈಗೆ ಫ್ಯಾನಿನ ಗಾಳಿಯಿಂದ ಹೆಚ್ಚಿನ ಪ್ರಯೋಜನವೂ ಇಲ್ಲ. ಮೈ ತಂಪಾಗಿಸಿಕೊಳ್ಳಲು ಪಂಜರದಲ್ಲಿದ್ದದ್ದು ಒಂದೇ ಒಂದು ಕಲ್ಲಿನ ಚಪ್ಪಡಿ, ಅದರ ಮೇಲೆ ಒಂದಕ್ಕಷ್ಟೇ ಜಾಗ. ಬೇರೆ ದಿನಗಳಲ್ಲಿ ಒತ್ತಿಕೊಂಡು ಮಲಗುವ ಜೀವಗಳಿಗೆ ಆ ರಾತ್ರಿ ಪರಸ್ಪರರ ಮೈ ತಗಲುವುದೇ ಹಿಂಸೆಯಾಗಿರಬೇಕು. ಗ್ರಾನೈಟ್ ಚೂರಿಗೆ ಬರವಿಲ್ಲದ ನಮ್ಮ ಸೀಮೆಯಲ್ಲಿ ಇನ್ನೊಂದು ಚಪ್ಪಡಿ ಇಟ್ಟಿದ್ದರೆ ಶಾಖದ ಅಪಾಯ ತಪ್ಪುತ್ತಿರಲಿಲ್ಲ, ನಿಜ. ಜಗಳಕ್ಕೆ ಒಂದು ಕಾರಣವಂತೂ ಕಡಿಮೆಯಾಗುತ್ತಿತ್ತು.

ಎಲ್ಲ ಸದ್ದೂ ಜಗಳವಲ್ಲ. ಒಂದು ಇನ್ನೊಂದರ ಬೆನ್ನೇರುವುದು, ಸ್ವಲ್ಪ ದೂರ ಅಟ್ಟಿಸಿಕೊಂಡು ಹೋಗುವುದು ಯಜಮಾನಿಕೆ ಗೊತ್ತುಮಾಡಿಕೊಳ್ಳುವ ಕ್ರಮ, ಅದರಲ್ಲಿ ಕೈಹಾಕಬೇಕಾಗಿಲ್ಲ. ಹಲ್ಲು ಕಟಕಟಿಸುವುದು, ಹಿಂಗಾಲ ಮೇಲೆ ನೆಟ್ಟಗೆ ನಿಲ್ಲುವುದು, ಹೆಣ್ಣು ಗುರಿಯಿಟ್ಟು ಮೂತ್ರ ಚಿಮ್ಮಿಸುವುದು ಎಚ್ಚರಿಕೆಗಳು. ಗಂಡಿಗಿಂತ ಹೆಣ್ಣೇ ದೊಡ್ಡದೂ ಜೋರೂ ಆಗಿರುವ ಕುಲವಿದು. ಬಿದ್ದ ತುಪ್ಪಳವನ್ನು ನೋಡಿ ಗಾಬರಿಯಾಗುವ ಮುನ್ನ ಒಂದು ಸಂಗತಿ ತಿಳಿದಿರಬೇಕು: ಹಿಡಿದವರ ಹಿಡಿತದಲ್ಲಿ ತುಪ್ಪಳವನ್ನು ಬಿಟ್ಟುಕೊಟ್ಟು ಪಾರಾಗುವುದು ಚಿಂಚಿಲ್ಲಾದ ಹಳೆಯ ಉಪಾಯ, ಹಲ್ಲಿ ಬಾಲ ಬಿಟ್ಟುಹೋದಂತೆ. ಹಾಗಾಗಿ ನೋಡಬೇಕಾದದ್ದು ಚರ್ಮವನ್ನು. ದಟ್ಟ ರೋಮದಡಿ ಸಣ್ಣ ಹಲ್ಲುಗಾಯ ಕಾಣದೆ ಉಳಿದು, ದಿನಗಳ ನಂತರ ಕೀವುಗಟ್ಟಿದ ಗಂಟಾಗಿ ಕೈಗೆ ಸಿಗಬಹುದು. ಇಂಥ ಗಾಯಕ್ಕೆ ಮನೆಯಲ್ಲಿ ಉಳಿದ ಆಮಾಕ್ಸಿಸಿಲಿನ್ ಗುಳಿಗೆಯನ್ನು ಅರೆದು ಕುಡಿಸುವ ಯೋಚನೆ ಯಾರಿಗೂ ಬರಬಾರದು: ಬಾಯಿಯ ಮೂಲಕ ಕೊಡುವ ಪೆನಿಸಿಲಿನ್ ಗುಂಪಿನ ಔಷಧ ಚಿಂಚಿಲ್ಲಾದ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷಕಾರಿ ಬ್ಯಾಕ್ಟೀರಿಯಾಗಳು ಹೆಚ್ಚುವಂತೆ ಮಾಡಿ, ಪ್ರಾಣಿಯನ್ನೇ ಬಲಿ ತೆಗೆದುಕೊಳ್ಳಬಲ್ಲದು. ಪಶುವೈದ್ಯರನ್ನೇ ಕೇಳಬೇಕು.

ರಕ್ತ ಕಂಡರೆ ತಕ್ಷಣ ಬೇರೆ ಮಾಡಬೇಕು, ಅದೂ ಬರಿಗೈಯಲ್ಲಲ್ಲ. ನಡುವೆ ರಟ್ಟು ತೂರಿಸಿ ಅಥವಾ ಒಂದರ ಮೇಲೆ ಟವೆಲ್ ಹಾಕಿ. ಬಳಿಕ ಎರಡು ಪಂಜರಗಳನ್ನು ಅಕ್ಕಪಕ್ಕ, ಕಂಬಿಯಾಚೆಯಿಂದ ಕಾಲ್ಬೆರಳು ಕಚ್ಚಲಾಗದಷ್ಟು ಅಂತರದಲ್ಲಿ ಇಟ್ಟು, ಒಂದು ಮಿಂದ ಸ್ನಾನದ ಧೂಳನ್ನೇ (ಚಿಂಚಿಲ್ಲಾ ಮೀಯುವುದು ನೀರಿನಲ್ಲಲ್ಲ, ನುಣ್ಣನೆಯ ಧೂಳಿನಲ್ಲಿ ಹೊರಳಿ) ಇನ್ನೊಂದಕ್ಕೆ ಕೊಡುತ್ತ, ವಾಸನೆಯಿಂದ ಮತ್ತೆ ಪರಿಚಯ ಬೆಳೆಯಲು ವಾರಗಟ್ಟಲೆ ಬಿಡಬೇಕು. ಮೊದಲ ಭೇಟಿ ಇಬ್ಬರದೂ ಅಲ್ಲದ ಜಾಗದಲ್ಲಿ, ಮನೆಯವರ ಕಣ್ಣೆದುರು ಆಗಬೇಕು. ಒಟ್ಟಿಗಿಡುವ ಪಂಜರವನ್ನು ಚೆನ್ನಾಗಿ ತೊಳೆದು, ಹಲಗೆಗಳ ಜಾಗ ಬದಲಿಸಿ, ಹುಲ್ಲಿನ ಬುಟ್ಟಿ, ನೀರಿನ ಬಾಟಲಿ, ಅಡಗುಗೂಡು ಎಲ್ಲವನ್ನೂ ಎರಡೆರಡು ಮಾಡಬೇಕು. ಅಡಗುಗೂಡಿಗೆ ಎರಡು ಬಾಗಿಲಿರಲಿ. ಒಂದೇ ಬಾಗಿಲಿನ ಗೂಡು ಸೋತ ಪ್ರಾಣಿಗೆ ಬೋನಾಗುತ್ತದೆ. ಅನಂತರವೂ ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಎರಡನ್ನೂ ತೂಗುವುದು ಒಳ್ಳೆಯದು, ಏಕೆಂದರೆ ಮೇವಿನ ಬಳಿ ಬರಲು ಹೆದರುವ ಪ್ರಾಣಿಯ ಸಂಕಟವನ್ನು ಗಾಯಕ್ಕಿಂತ ಮೊದಲು ತೂಕ ಹೇಳುತ್ತದೆ.

ಗಂಡು ಹೆಣ್ಣನ್ನು ಒಟ್ಟಿಗಿಟ್ಟು ಸಮಾಧಾನ ತರುವ ಉಪಾಯ ಸರಿಯಲ್ಲ. ಹೆಣ್ಣು 111 ದಿನ ಗರ್ಭ ಹೊತ್ತು ಹೆರುತ್ತದೆ, ಹೆತ್ತ ಬೆನ್ನಲ್ಲೇ ಮತ್ತೆ ಗರ್ಭ ಕಟ್ಟಬಹುದು. ಒಂದು ಹೆಣ್ಣಿನ ಜೊತೆ ಎರಡು ಗಂಡುಗಳಿದ್ದರಂತೂ ಕಾದಾಟಕ್ಕೆ ಆಹ್ವಾನ ಕೊಟ್ಟಂತೆಯೇ.

ದಾವಣಗೆರೆಯ ಆ ಹೆಣ್ಣುಗಳನ್ನು ಎರಡು ಬಾರಿ ಕೂಡಿಸಲು ನೋಡಿದರು. ಎರಡನೆಯ ಸಲ ಒಂದರ ಕಿವಿ ಹರಿಯಿತು. ಮೂರನೆಯ ಪ್ರಯತ್ನ ಬೇಡವೆಂದು ನಾನೇ ಹೇಳಿದೆ. ಈಗ ಎರಡು ಪಂಜರಗಳಿವೆ, ಎರಡು ಚಪ್ಪಡಿಗಳಿವೆ, ಎ.ಸಿ.ಗೆ ಜನರೇಟರ್ ಸಂಪರ್ಕವಿದೆ. ಹಗಲು ಹೊತ್ತು ಎರಡೂ ತಂತಮ್ಮ ಪಂಜರದಲ್ಲಿ, ಇನ್ನೊಂದರ ಕಡೆಯ ಮೂಲೆಯಲ್ಲೇ ಮಲಗುತ್ತವೆಯಂತೆ.