ಸೀರೆ ಕುಚ್ಚಿಗೆ ಎಷ್ಟು ದುಡ್ಡು ಕೇಳಬೇಕು?

ಪ್ರಶ್ನೆ: ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟಿಕೊಡುತ್ತೇನೆ. ಎರಡು ವರ್ಷ ಆಯ್ತು. ಕೆಲಸ ತುಂಬಾ ಬರುತ್ತೆ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ರೇಟು ಜಾಸ್ತಿ ಮಾಡಿದರೆ ಗಿರಾಕಿಗಳು ಪಕ್ಕದ ಬೀದಿಗೆ ಹೋಗಿಬಿಡುತ್ತಾರೆ ಅಂತ ಭಯ. ಒಂದು ಸೀರೆಗೆ ಎಷ್ಟು ಕೇಳಿದರೆ ಸರಿ?

ಉತ್ತರ: ಕುಚ್ಚು ಕಟ್ಟುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. "ನಿಮ್ಮ ಏರಿಯಾದಲ್ಲಿ ಎಷ್ಟು ತಗೊಳ್ತಾರೋ ಅಷ್ಟೇ ಇಡಿ" ಅಂತ ಯಾರಾದರೂ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪಕ್ಕದ ಬೀದಿಯವರು ನಿಮ್ಮ ರೇಟು ಕೇಳಿಕೊಂಡೇ ತಮ್ಮ ರೇಟು ಇಟ್ಟಿರುತ್ತಾರೆ. ನೀವು ಅವರದ್ದು ನೋಡುತ್ತೀರಿ. ಇಬ್ಬರೂ ಲೆಕ್ಕ ಹಾಕಿರುವುದಿಲ್ಲ.

ಮುಂದಿನ ಸೀರೆ ಬಂದಾಗ ಗಡಿಯಾರ ಪಕ್ಕದಲ್ಲಿಟ್ಟುಕೊಂಡು ಕೂತುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸದ ಸಮಯ ಬರೆಯಿರಿ. ನಾನು ಸಾದಾ ರೇಷ್ಮೆ ದಾರದ ಕುಚ್ಚಿಗೆ ಹೀಗೆ ಬರೆದಿಟ್ಟಿದ್ದು ಹೇಳುತ್ತೇನೆ. ನಿಮ್ಮ ಕೈಯ ವೇಗ ಬೇರೆ ಇರಬಹುದು, ನಿಮ್ಮ ಊರಿನ ದಾರದ ಬೆಲೆಯೂ ಬೇರೆ. ಲೆಕ್ಕದ ದಾರಿ ಮಾತ್ರ ಇದೇ.

ಸೆರಗಿನ ಅಗಲ ಸುಮಾರು 46 ಇಂಚು. ಅರ್ಧ ಇಂಚಿಗೆ ಒಂದರಂತೆ ಕಟ್ಟಿದರೆ 92 ಕುಚ್ಚು. ಒಂದು ಕುಚ್ಚು ಅಂದರೆ ಏನೇನು ಕೆಲಸ ನೋಡಿ. ಎಳೆಗಳ ಕಂತೆಯನ್ನು ಸೂಜಿಯಿಂದ ಸೆರಗಿನ ಅಂಚಿಗೆ ಪೋಣಿಸಬೇಕು. ಎರಡು ತುದಿ ಸಮ ಮಾಡಿ ಮಡಚಬೇಕು. ಕುತ್ತಿಗೆಗೆ ಜರಿ ದಾರ ನಾಲ್ಕೈದು ಸುತ್ತು ಸುತ್ತಿ, ಗಂಟು ಒಳಗೆ ಸೇರಿಸಿ, ಒಂದು ಚುಕ್ಕೆ ಅಂಟು ಹಾಕಬೇಕು. ಎಷ್ಟೇ ಪಳಗಿದ ಕೈ ಆದರೂ ನನಗೆ ಎರಡು ನಿಮಿಷ ಹಿಡಿಯುತ್ತದೆ. 92 ಕುಚ್ಚಿಗೆ 184 ನಿಮಿಷ. ಅದಕ್ಕೂ ಮೊದಲು ಅಂಚು ಮಡಚಿ ಹೊಲಿಯಲು 20 ನಿಮಿಷ, ದಾರ ಸುತ್ತಿ ಕತ್ತರಿಸಿಟ್ಟುಕೊಳ್ಳಲು 15 ನಿಮಿಷ. ಕೊನೆಗೆ ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಇಸ್ತ್ರಿ ಮಾಡಿ ಮಡಚಲು ಇನ್ನೊಂದು 15. ಒಟ್ಟು 234 ನಿಮಿಷ, ಹತ್ತಿರ ಹತ್ತಿರ ನಾಲ್ಕು ಗಂಟೆ.

ನಮ್ಮಲ್ಲಿ ತುಂಬಾ ಜನ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತೇವೆ. ಆದರೆ ಆ ಸೀರೆಗಾಗಿ ವಾಟ್ಸಾಪಿನಲ್ಲಿ ಎಷ್ಟು ಫೋಟೊ ಕಳಿಸಿದಿರಿ? "ಇದೇ ಡಿಸೈನು, ಆದರೆ ಮಣಿ ಗೋಲ್ಡ್ ಬೇಡ" ಅಂತ ಅವರು, "ಹಾಗಾದರೆ ಇದು ನೋಡಿ" ಅಂತ ನೀವು. ಅದಕ್ಕೆ ಅರ್ಧ ಗಂಟೆ ಹಾಕಿ. ದಾರ ತರಲು ಪೇಟೆಗೆ ಹೋಗಿ ಬರಲು ಎರಡು ಗಂಟೆ ಆಯ್ತು, ಒಂದು ಸಲಕ್ಕೆ ನಾಲ್ಕು ಸೀರೆಯ ದಾರ ತಂದಿರಿ ಅಂದುಕೊಳ್ಳಿ. ಈ ಸೀರೆಯ ಪಾಲು ಮತ್ತೊಂದು ಅರ್ಧ ಗಂಟೆ. ಅಲ್ಲಿಗೆ ಐದು ಗಂಟೆ ತುಂಬಿತು.

ಈಗ ದುಡ್ಡಿಗೆ ಬನ್ನಿ. ನೀವು 350 ರೂಪಾಯಿ ತಗೊಂಡಿರಿ ಅಂದುಕೊಳ್ಳಿ. ದಾರ, ಜರಿ, ಅಂಟು, ಕವರು ಸೇರಿ 60 ಹೋಯಿತು. ಉಳಿದದ್ದು 290. ಐದು ಗಂಟೆಗೆ ಭಾಗಿಸಿದರೆ ಗಂಟೆಗೆ 58 ರೂಪಾಯಿ. ಬೆನ್ನು ಬಗ್ಗಿಸಿ, ಕಣ್ಣು ನೋಯಿಸಿಕೊಂಡು ಮಾಡಿದ ಕೆಲಸಕ್ಕೆ ಇಷ್ಟು. ನಾನು ಮೊದಲ ಸಲ ಈ ಅಂಕಿ ಬರೆದ ದಿನ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಆದ್ದರಿಂದ ಮೊದಲು ನಿಮ್ಮ ಒಂದು ಗಂಟೆಯ ಬೆಲೆ ಎಷ್ಟು ಅಂತ ನೀವೇ ನಿರ್ಧಾರ ಮಾಡಿ. ನೂರು ರೂಪಾಯಿ ಅಂತ ಇಟ್ಟುಕೊಳ್ಳೋಣ. ಐದು ಗಂಟೆಗೆ 500, ಸಾಮಾನಿಗೆ 60. ಇದರ ಮೇಲೆ ಪ್ರತಿ ಸೀರೆಗೆ 20 ರೂಪಾಯಿ ಬೇರೆ ಡಬ್ಬಿಗೆ ಹಾಕಿ. ಒಟ್ಟು 580.

ಆ ಡಬ್ಬಿ ಯಾಕೆ ಅಂತ ಹೇಳಬೇಕು. ಒಂದು ಸಲ ಸಾಸಿವೆ ಬಣ್ಣದ ರೇಷ್ಮೆ ಸೀರೆಯ ಮೇಲೆ ನನ್ನ ಕೈಯಿಂದ ಅಂಟಿನ ಹನಿ ಬಿತ್ತು. ಒಣಗಿದ ಮೇಲೆ ಅಲ್ಲಿ ಕಾಸಿನಗಲ ಗಟ್ಟಿ ಕಲೆ. ಮದುವೆ ಮನೆಯ ಸೀರೆ. ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ, ಡ್ರೈಕ್ಲೀನಿಂಗ್ ಖರ್ಚು ನಾನೇ ಕೊಟ್ಟೆ. ಕಲೆ ಹೋಯಿತು. ಆದರೆ ಆ ವಾರ ಕಟ್ಟಿದ ಕುಚ್ಚಿನ ದುಡ್ಡು ಪೂರ್ತಿ ಅದಕ್ಕೇ ಆಯಿತು. ಆಮೇಲಿಂದ ಸೀರೆಯ ಕೆಳಗೆ ಹಳೆಯ ಬಿಳಿ ಪಂಚೆ ಹಾಸಿಯೇ ಕೂರುತ್ತೇನೆ. ಸೀರೆ ಅಡುಗೆಮನೆಯ ಹತ್ತಿರ ಇಡುವುದಿಲ್ಲ. ಒಗ್ಗರಣೆ ವಾಸನೆ ರೇಷ್ಮೆಗೆ ಬೇಗ ಹಿಡಿಯುತ್ತದೆ, ಕೈಯಲ್ಲಿ ಅರಿಶಿನ ಇದ್ದರಂತೂ ಕತೆ ಮುಗಿಯಿತು. ಸೀರೆ ತಗೊಳ್ಳುವಾಗಲೇ ಹಗಲು ಬೆಳಕಿನಲ್ಲಿ ಬಿಡಿಸಿ, ಅವರ ಮುಂದೆಯೇ ಫೋಟೊ ತೆಗೆಯಿರಿ. ಮೊದಲೇ ಕಲೆಯೋ ಎಳೆ ಕಿತ್ತಿದ್ದೋ ಇದ್ದರೆ ಆಗಲೇ ತೋರಿಸಿ. ದಾರದ ಬಣ್ಣವನ್ನೂ ಹಗಲಲ್ಲೇ ಹೊಂದಿಸಿ. ರಾತ್ರಿ ಲೈಟಿನಲ್ಲಿ ಕಡುನೀಲಿಯೂ ಕಪ್ಪೂ ಒಂದೇ ಥರ ಕಾಣುತ್ತವೆ.

ಇನ್ನು ನಿಮ್ಮ ಭಯದ ಮಾತು. 350 ತಗೊಳ್ಳುತ್ತಿದ್ದವರು ಒಮ್ಮೆಗೇ 580 ಅಂದರೆ ಕೆಲವರು ಹೋಗುತ್ತಾರೆ, ನಿಜ. ಅವರಿಗೆ ರೇಟು ಇಳಿಸಬೇಡಿ, ಕೆಲಸ ಇಳಿಸಿ. "ಅಕ್ಕ, ಅರ್ಧ ಇಂಚಿಗೆ ಬದಲು ಒಂದು ಇಂಚಿಗೆ ಒಂದು ಕಟ್ಟಿಕೊಡ್ತೀನಿ, ಅದೂ ಚೆನ್ನಾಗೇ ಕಾಣುತ್ತೆ" ಅನ್ನಿ. ಆಗ 46 ಕುಚ್ಚು. ಒಂದೂವರೆ ಗಂಟೆ ಉಳಿಯುತ್ತದೆ, 430ಕ್ಕೆ ಕೊಡಬಹುದು. ಅವರಿಗೂ ಕಡಿಮೆ ಆಯಿತು, ನಿಮ್ಮ ಗಂಟೆಯ ಬೆಲೆಯೂ ಕೆಡಲಿಲ್ಲ. ಎರಡು ನಮೂನೆಯನ್ನೂ ಬಟ್ಟೆ ತುಂಡಿನ ಮೇಲೆ ಕಟ್ಟಿಟ್ಟುಕೊಂಡಿರಿ. ಫೋನಿನ ಫೋಟೊಗಿಂತ ಕೈಯಲ್ಲಿ ಹಿಡಿದು ನೋಡಿದಾಗ ಜನ ಬೇಗ ಒಪ್ಪುತ್ತಾರೆ. ಮಣಿ ಕುಚ್ಚು, ಕ್ರೋಶಾ ಕುಚ್ಚಿಗೂ ಒಂದೊಂದು ಸಲ ಗಡಿಯಾರ ನೋಡಿ ಬೇರೆ ಲೆಕ್ಕ ಮಾಡಿಕೊಳ್ಳಿ.

ಸೀರೆ ಅಂಗಡಿಯವರು, ಟೈಲರ್‌ಗಳು ಕೊಡುವ ಕೆಲಸಕ್ಕೆ ಸ್ವಲ್ಪ ಕಡಿಮೆ ತಗೊಂಡರೆ ತಪ್ಪಿಲ್ಲ. ಗಿರಾಕಿಯ ಜೊತೆ ಮಾತು ಅವರದ್ದು, ಎಷ್ಟೋ ಸಲ ದಾರವನ್ನೂ ಅವರೇ ಕೊಡುತ್ತಾರೆ. ಅಷ್ಟು ಸಮಯ, ಅಷ್ಟು ಖರ್ಚು ಮಾತ್ರ ಕಳೆಯಿರಿ.

ಕುಚ್ಚಿನ ಕೆಲಸಕ್ಕೆ ಸೀಸನ್ ಇದೆ, ಅದು ನಿಮಗೂ ಗೊತ್ತು. ಆಷಾಢದಲ್ಲಿ ಮದುವೆ ಇರುವುದಿಲ್ಲ, ಕೈ ಖಾಲಿ. ಆದರೆ ಅಂಗಡಿಗಳಲ್ಲಿ ಆಷಾಢ ಸೇಲ್ ಜೋರು. ಆಗ ಕೊಂಡ ಸೀರೆಗಳೆಲ್ಲ ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ವಾರ ಇರುವಾಗ ಒಟ್ಟಿಗೆ ನಿಮ್ಮ ಬಾಗಿಲಿಗೆ ಬರುತ್ತವೆ. ಹಳೆಯ ಗಿರಾಕಿಗಳಿಗೆ ಆಷಾಢದಲ್ಲೇ ಮೆಸೇಜ್ ಹಾಕಿ, ಈಗಲೇ ಕೊಟ್ಟರೆ ಮಾಮೂಲಿ ರೇಟು, ಹಬ್ಬದ ವಾರ ಅರ್ಜೆಂಟ್ ಅಂದರೆ 100 ರೂಪಾಯಿ ಜಾಸ್ತಿ ಅಂತ. ಅರ್ಧ ದುಡ್ಡು ಅಡ್ವಾನ್ಸ್ ತಗೊಳ್ಳಿ, ನೆಂಟರಾದರೂ ಸರಿ. ದಾರಕ್ಕೆ ಕೈಯಿಂದ ಹಾಕಿದ ದುಡ್ಡು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳಬಾರದು ಅಲ್ವಾ?

ಕಾಗದಪತ್ರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಂಥ ಸೇವೆಯ ಕೆಲಸದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ಬ್ಯಾಂಕ್ ಸಾಲ ಕೇಳುವ ಯೋಚನೆ ಇದ್ದರೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಮಾಡಿಸಿಕೊಳ್ಳಿ. ಸರ್ಕಾರದ ಉದ್ಯಮ್ ಪೋರ್ಟಲ್ಲಿನಲ್ಲಿ ಅದಕ್ಕೆ ಶುಲ್ಕವಿಲ್ಲ. 2023ರ ಸೆಪ್ಟೆಂಬರಿನಲ್ಲಿ ಶುರುವಾದ, ಕೈಕಸುಬಿನವರಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೈಲರಿಂಗ್ ಇದೆ, ಕುಚ್ಚು ಬೇರೆ ಕಸುಬಾಗಿ ಇಲ್ಲ. ಬ್ಲೌಸ್ ಹೊಲಿಯುವುದೂ ನಿಮ್ಮ ಕಸುಬಾಗಿದ್ದರೆ ವಿಚಾರಿಸಿ ನೋಡಿ.

ಹೊಸ ರೇಟನ್ನು ಹಬ್ಬದ ಗಲಾಟೆಯ ನಡುವೆ ಹೇಳಬೇಡಿ. ಈಗ ಕೈಯಲ್ಲಿರುವ ಸೀರೆಗಳನ್ನು ಹಳೆಯ ರೇಟಿಗೇ ಮುಗಿಸಿಕೊಡಿ. ಕೊಡುವಾಗ ಕವರಿನೊಳಗೆ ಒಂದು ಚೀಟಿ ಇಡಿ, ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಯಾವ ಕುಚ್ಚಿಗೆ ಎಷ್ಟು ಅಂತ, ನಿಮ್ಮ ಕೈಬರಹದಲ್ಲೇ.